ಫೋರ್ಕ್‌ಲಿಫ್ಟ್ ಯಂತ್ರಗಳ ನಿರ್ವಹಣೆ ಮತ್ತು ಚಾಲಕರ ಸುರಕ್ಷತೆ: ಪಾಂಡವಪುರ ಉಪವಿಭಾಗದ ಕಾರ್ಖಾನೆ ಹಾಗೂ ಗೋದಾಮು ಮಾಲೀಕರಿಗೆ ಮಾಹಿತಿ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವು ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಕಬ್ಬು, ಭತ್ತ ಮತ್ತು ಬೆಲ್ಲವನ್ನು ಆಧರಿಸಿದ ಈ ಪ್ರದೇಶದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆ, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆ, ಅದೇ ತಾಲ್ಲೂಕಿನ ಬೂಕನಕೆರೆ ಹೋಬಳಿಯ ಬನ್ನೇನಹಳ್ಳಿಯಲ್ಲಿ ಸ್ಥಾಪಿತವಾಗಿರುವ ಮೆಗಾ ಫುಡ್ ಪಾರ್ಕ್, ಅಕ್ಕಿ ಗಿರಣಿಗಳು, ಕೃಷಿ ಉತ್ಪನ್ನ ಮಾರುಕಟ್ಟೆಗಳ ಉಗ್ರಾಣಗಳು ಹಾಗೂ ಬೆಂಗಳೂರು-ಮೈಸೂರು ಹೆದ್ದಾರಿಯ ಆಸುಪಾಸಿನ ಗೋದಾಮುಗಳು ಇರುತ್ತವೆ. ಹಮಾಲರ ಹೆಗಲನ್ನೇ ನಂಬಿದ್ದ ಸರಕು ಸಾಗಣೆ ಕೆಲಸಕ್ಕೆ ಫೋರ್ಕ್‌ಲಿಫ್ಟ್ ಯಂತ್ರವು ಕ್ರಮೇಣ ಸೇರಿಕೊಳ್ಳುತ್ತಿದೆ. ಸಕ್ಕರೆ ಗೋದಾಮುಗಳಲ್ಲಿ ಚೀಲವನ್ನು ಅಟ್ಟಿ ಹಾಕುವ ಕೆಲಸವನ್ನು ಇಂದಿಗೂ ಹಮಾಲರು ಮತ್ತು ಬೆಲ್ಟ್ ಕನ್ವೇಯರ್‌ಗಳು ನಡೆಸುವುದೇ ಹೆಚ್ಚು. ಆದರೆ ಶೀತಲೀಕರಣ ಘಟಕ, ಪ್ಯಾಕಿಂಗ್ ವಿಭಾಗ ಮತ್ತು ಬಿಡಿಭಾಗಗಳ ಉಗ್ರಾಣಗಳಲ್ಲಿ ಒಂದೆರಡು ಫೋರ್ಕ್‌ಲಿಫ್ಟ್‌ಗಳಿಲ್ಲದೆ ಕೆಲಸ ಸಾಗದು ಎನ್ನುವ ಸ್ಥಿತಿ ಬಂದಿರುತ್ತದೆ.

ಹೊಸದಾಗಿ ಕಾರ್ಖಾನೆಯ ನೋಂದಣಿ, ಕಟ್ಟಡ ನಕ್ಷೆಯ ಅನುಮೋದನೆ ಅಥವಾ ಪರವಾನಗಿಯ ತಿದ್ದುಪಡಿಗೆ ಅರ್ಜಿ ಸಲ್ಲಿಸುವವರು ಬಾಯ್ಲರು, ವಿದ್ಯುತ್ ಸಂಪರ್ಕ ಮತ್ತು ಅಗ್ನಿಶಾಮಕ ವ್ಯವಸ್ಥೆಗಳ ಬಗ್ಗೆ ಸಾಕಷ್ಟು ತಯಾರಿ ಮಾಡಿಕೊಂಡು ಬರುತ್ತಾರೆ. ಫೋರ್ಕ್‌ಲಿಫ್ಟ್ ಮಾತ್ರ ಬಹುತೇಕ ಅರ್ಜಿದಾರರ ದೃಷ್ಟಿಯಲ್ಲಿ ಒಂದು ವಾಹನ. ಅದರ ಹೊಣೆಯೆಲ್ಲ ಚಾಲಕನದು. ಈ ತಿಳಿವಳಿಕೆ ಸರಿಯಲ್ಲ. ಯಂತ್ರ ಮಗುಚುವುದಕ್ಕೂ ಪಕ್ಕದಲ್ಲಿ ನಡೆಯುವವನಿಗೆ ಅದು ಬಡಿಯುವುದಕ್ಕೂ ಕಾರಣಗಳು ಚಾಲಕನು ಕೀಲಿ ತಿರುಗಿಸುವ ಮೊದಲೇ ಮಾಲೀಕರ ತೀರ್ಮಾನಗಳಲ್ಲಿ ಅಡಗಿರುತ್ತವೆ. ಯಾವ ಯಂತ್ರ, ಯಾರ ಕೈಗೆ, ಯಾವ ದಾರಿಯಲ್ಲಿ, ಎಷ್ಟು ಭಾರಕ್ಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಆಡಳಿತವೇ ತೀರ್ಮಾನಿಸತಕ್ಕದ್ದು. ಈ ಮಾಹಿತಿಯನ್ನು ಆ ದೃಷ್ಟಿಯಿಂದ ನೀಡಲಾಗಿದೆ.

ಕಾನೂನಿನ ಈಗಿನ ಸ್ಥಿತಿ

ಕಾರ್ಖಾನೆಗಳ ಸುರಕ್ಷತೆಯು ದೀರ್ಘಕಾಲ ಕಾರ್ಖಾನೆಗಳ ಅಧಿನಿಯಮ, 1948 ಹಾಗೂ ಕರ್ನಾಟಕ ಕಾರ್ಖಾನೆಗಳ ನಿಯಮಗಳು, 1969ರ ಅನ್ವಯ ನಡೆಯುತ್ತಿತ್ತು. ದಿನಾಂಕ 21-11-2025ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಜಾರಿಗೆ ಬಂದಿದ್ದು, 1948ರ ಅಧಿನಿಯಮವು ಅದರಲ್ಲಿ ವಿಲೀನಗೊಂಡಿರುತ್ತದೆ. ಹಳೆಯ ಅಧಿನಿಯಮದ ಅಡಿಯಲ್ಲಿ ರಚಿಸಲಾದ ನಿಯಮಗಳು ಮತ್ತು ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಮುಂದುವರಿಯಲು ಸಂಹಿತೆಯಲ್ಲಿಯೇ ಅವಕಾಶ ಕಲ್ಪಿಸಲಾಗಿದೆ. ಆದುದರಿಂದ ಹಳೆಯ ರಿಜಿಸ್ಟರುಗಳನ್ನು ಬರೆಯುವುದನ್ನು ಯಾರೂ ನಿಲ್ಲಿಸತಕ್ಕದ್ದಲ್ಲ. ಅರ್ಜಿಯ ನಮೂನೆಗಳು ಬದಲಾಗುವ ಸಂಭವವಿರುವುದರಿಂದ, ಸಲ್ಲಿಸುವ ಮುನ್ನ ತಮ್ಮ ವ್ಯಾಪ್ತಿಯ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.

ಸಂಹಿತೆಯ ಪ್ರಕಾರ ವಿದ್ಯುಚ್ಛಕ್ತಿ ಬಳಸುವ ಕಡೆ 20 ಅಥವಾ ಹೆಚ್ಚು, ಬಳಸದ ಕಡೆ 40 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಅದು ಕಾರ್ಖಾನೆ. ಹಿಂದೆ ಈ ಸಂಖ್ಯೆಗಳು ಕ್ರಮವಾಗಿ 10 ಮತ್ತು 20 ಆಗಿದ್ದವು. ಹಾಗೆಂದು ಸಣ್ಣ ಘಟಕಗಳು ಪೂರ್ಣವಾಗಿ ಹೊರಗುಳಿಯುತ್ತವೆ ಎಂದು ಭಾವಿಸಬಾರದು. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಯಾವುದೇ ಉದ್ದಿಮೆ, ವ್ಯಾಪಾರ ಅಥವಾ ವ್ಯವಹಾರದ ಸ್ಥಳವು ಸಂಹಿತೆಯ ಅರ್ಥದಲ್ಲಿ ಒಂದು ಸಂಸ್ಥೆಯಾಗುತ್ತದೆ. ಕಾರ್ಖಾನೆ ಎನಿಸದ ಗೋದಾಮುಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಉಗ್ರಾಣಗಳ ಮಾಲೀಕರು ವಿಶೇಷವಾಗಿ ಗಮನಿಸಬೇಕು. ಹೊಸ ಸಂಸ್ಥೆಗಳು ಸಂಹಿತೆ ಅನ್ವಯವಾದ ದಿನದಿಂದ 60 ದಿನಗಳೊಳಗೆ ವಿದ್ಯುನ್ಮಾನ ವಿಧಾನದಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು.

ಸಂಹಿತೆಯ 6ನೇ ಕಲಮು ಮಾಲೀಕರ ಕರ್ತವ್ಯಗಳನ್ನು ಹೇಳುತ್ತದೆ. ಇದರಲ್ಲಿ ಕಾರ್ಖಾನೆಗಳಿಗೆ ಸಂಬಂಧಿಸಿದ ಒಂದು ಮಾತು ಫೋರ್ಕ್‌ಲಿಫ್ಟ್ ವಿಷಯದಲ್ಲಿ ಬಹಳ ಮುಖ್ಯ: ಮಾಲೀಕರ ಅರಿವಿನಲ್ಲಿದ್ದರೂ ಇಲ್ಲದಿದ್ದರೂ ಆವರಣದೊಳಗೆ ಇರುವ ಕಾರ್ಮಿಕರಷ್ಟೇ ಅಲ್ಲ, ಇತರ ವ್ಯಕ್ತಿಗಳ ಸುರಕ್ಷತೆಗೂ ಅವರೇ ಹೊಣೆಗಾರರು. ಕಬ್ಬಿನ ಟ್ರ್ಯಾಕ್ಟರಿನೊಡನೆ ಬಂದು ತೂಕಕ್ಕಾಗಿ ಕಾಯುವ ರೈತರು, ಲಾರಿಯ ಕ್ಲೀನರು, ಚೀಟಿ ಪಡೆಯಲು ಒಳಗೆ ಬಂದ ಮಧ್ಯವರ್ತಿ, ಗುತ್ತಿಗೆದಾರರ ಹಮಾಲರು ಇವರೆಲ್ಲರೂ ಈ ಮಾತಿನ ವ್ಯಾಪ್ತಿಗೆ ಬರುತ್ತಾರೆ. ಸುರಕ್ಷತೆಗಾಗಿ ಒದಗಿಸಿದ ಬೂಟು, ಹೆಲ್ಮೆಟ್ ಇತ್ಯಾದಿಗಳ ವೆಚ್ಚವನ್ನು ಕಾರ್ಮಿಕರಿಂದ ವಸೂಲಿ ಮಾಡುವುದನ್ನೂ ಸಂಹಿತೆಯು ನಿಷೇಧಿಸಿದೆ.

ತೂಕದ ಫಲಕ ಹೇಳುವುದೇನು

ಪ್ರತಿ ಯಂತ್ರದ ಮೇಲೂ ತಯಾರಕರು ಒಂದು ಲೋಹದ ಫಲಕವನ್ನು ಅಳವಡಿಸಿರುತ್ತಾರೆ. "2000 ಕೆ.ಜಿ." ಎಂಬ ಅಂಕಿಯನ್ನು ಓದಿ ಎರಡು ಟನ್ ಎತ್ತಬಹುದು ಎಂದು ತಿಳಿಯುವುದು ವಾಡಿಕೆ. ಆ ಅಂಕಿಯ ಪಕ್ಕದಲ್ಲಿಯೇ ಇನ್ನೆರಡು ಅಂಕಿಗಳಿರುತ್ತವೆ: ಭಾರಕೇಂದ್ರದ ದೂರ, ಸಾಮಾನ್ಯವಾಗಿ 500 ಮಿ.ಮೀ.; ಮತ್ತು ಎತ್ತುವ ಎತ್ತರ. ಈ ಮೂರನ್ನೂ ಒಟ್ಟಿಗೆ ಓದದಿದ್ದರೆ ಮೊದಲನೆಯ ಅಂಕಿಗೆ ಅರ್ಥವಿಲ್ಲ.

ಹಳೆಯ ಕಾಲದ ಏತವನ್ನು ಕಂಡವರಿಗೆ ಇದರ ತತ್ವ ಸುಲಭವಾಗಿ ತಿಳಿಯುತ್ತದೆ. ಏತದಲ್ಲಿ ನಡುಗಂಬದ ಒಂದು ಕಡೆ ನೀರಿನ ಬಾನಿ, ಇನ್ನೊಂದು ಕಡೆ ಅದನ್ನು ತೂಗುವ ಭಾರ. ಫೋರ್ಕ್‌ಲಿಫ್ಟ್‌ನಲ್ಲಿ ಮುಂದಿನ ಗಾಲಿಗಳ ಅಚ್ಚು ನಡುಗಂಬದ ಸ್ಥಾನದಲ್ಲಿದೆ. ಮುಂದೆ ಸರಕು, ಹಿಂದೆ ಎಂಜಿನ್ ಮತ್ತು ಎರಕದ ಪ್ರತಿಭಾರ. ಎರಡು ಟನ್ ಎತ್ತುವ ಯಂತ್ರದ ಸ್ವಂತ ತೂಕ ಮೂರು ಟನ್‌ಗೂ ಹೆಚ್ಚಿರುವುದು ಇದೇ ಕಾರಣದಿಂದ. ಸರಕು ಅಚ್ಚಿನಿಂದ ದೂರ ಸರಿದಷ್ಟೂ ತೂಕ ಅಷ್ಟೇ ಇದ್ದರೂ ಅದರ ಎಳೆತ ಹೆಚ್ಚುತ್ತದೆ.

ಒಂದು ಲೆಕ್ಕವನ್ನು ನೋಡಬಹುದು. ಸಕ್ಕರೆ ಚೀಲ ಈಗ 50 ಕೆ.ಜಿ. ತೂಗುತ್ತದೆ. ಒಂದು ಪ್ಯಾಲೆಟ್ ಮೇಲೆ ಸಾಲಿಗೆ ಐದರಂತೆ ಆರು ಸಾಲು ಇಟ್ಟರೆ 30 ಚೀಲ, ಅಂದರೆ 1500 ಕೆ.ಜಿ. ಎಂಟು ಸಾಲು ಇಟ್ಟರೆ 40 ಚೀಲ, 2000 ಕೆ.ಜಿ. ಮರದ ಪ್ಯಾಲೆಟ್ಟಿನ ತೂಕ ಇದಕ್ಕೆ ಸೇರುವುದರಿಂದ ಎರಡು ಟನ್ನಿನ ಮಿತಿ ಆಗಲೇ ಮೀರಿದಂತಾಯಿತು. ಅಷ್ಟೇ ಅಲ್ಲ, ಪ್ಯಾಲೆಟ್ಟಿನ 1200 ಮಿ.ಮೀ. ಉದ್ದವು ಯಂತ್ರದ ಕವಲುಗಳ ಉದ್ದಕ್ಕೆ ಬರುವಂತೆ ಎತ್ತಿದರೆ ಭಾರಕೇಂದ್ರವು 600 ಮಿ.ಮೀ. ದೂರಕ್ಕೆ ಹೋಗುತ್ತದೆ. 500 ಮಿ.ಮೀ. ದೂರಕ್ಕೆ ಎರಡು ಟನ್ ಎಂದು ಹೇಳಿದ ಯಂತ್ರವು 600 ಮಿ.ಮೀ. ದೂರಕ್ಕೆ ಅಷ್ಟನ್ನು ಎತ್ತಲಾರದು. ಎತ್ತರ ಹೆಚ್ಚಿದಂತೆ ಸಾಮರ್ಥ್ಯ ಇನ್ನೂ ತಗ್ಗುತ್ತದೆ. ಎಷ್ಟು ತಗ್ಗುತ್ತದೆ ಎಂಬುದು ತಯಾರಕರ ಕೋಷ್ಟಕದಲ್ಲಿರುತ್ತದೆ. ಅಂದಾಜಿನ ಮೇಲೆ ತೀರ್ಮಾನಿಸುವಂತಿಲ್ಲ. ಕವಲಿಗೆ ಕ್ಲಾಂಪ್, ಡ್ರಮ್ ಹಿಡಿಯುವ ಸಾಧನ ಮುಂತಾದ ಜೋಡಣೆಗಳನ್ನು ಹಾಕಿದರೆ ಫಲಕವನ್ನೇ ಬದಲಿಸಬೇಕಾಗುತ್ತದೆ. ಹಿಂದಿನ ಗಾಲಿ ನೆಲ ಬಿಟ್ಟು ಏಳತೊಡಗಿದಾಗ ಇಬ್ಬರು ಕಾರ್ಮಿಕರನ್ನು ಹಿಂದೆ ಕೂರಿಸಿ ತೂಗಿಸುವ ಪದ್ಧತಿ ಅತ್ಯಂತ ಅಪಾಯಕಾರಿಯಾಗಿದ್ದು, ಕಂಡಲ್ಲಿ ತಕ್ಷಣ ನಿಲ್ಲಿಸತಕ್ಕದ್ದು.

ಯಂತ್ರ ಮುಂದಕ್ಕೆ ವಾಲುವುದಕ್ಕಿಂತ ಪಕ್ಕಕ್ಕೆ ಮಗುಚುವುದು ಹೆಚ್ಚು ಮಾರಕ. ನಾಲ್ಕು ಗಾಲಿಗಳಿದ್ದರೂ ಯಂತ್ರವು ಮೂರು ಬಿಂದುಗಳ ಮೇಲೆ ನಿಂತಿರುತ್ತದೆ: ಮುಂದಿನ ಎರಡು ಗಾಲಿಗಳು ಮತ್ತು ಹಿಂದಿನ ಅಚ್ಚಿನ ನಡುವಿನ ಕೀಲು. ಇಡೀ ಯಂತ್ರ ಮತ್ತು ಸರಕಿನ ಗುರುತ್ವಕೇಂದ್ರವು ಈ ತ್ರಿಕೋನದ ಒಳಗಿರುವವರೆಗೆ ಮಾತ್ರ ಯಂತ್ರ ಸ್ಥಿರ. ಸರಕನ್ನು ಮೇಲೆತ್ತಿಕೊಂಡೇ ತಿರುಗಿಸಿದಾಗ, ಇಳಿಜಾರಿನಲ್ಲಿ ಅಡ್ಡ ತಿರುಗಿದಾಗ, ಖಾಲಿ ಯಂತ್ರವನ್ನು ವೇಗವಾಗಿ ತಿರುವಿದಾಗ ಆ ಕೇಂದ್ರ ತ್ರಿಕೋನದ ಹೊರಗೆ ಬೀಳುತ್ತದೆ. ಖಾಲಿ ಯಂತ್ರ ಮಗುಚಲಾರದು ಎಂಬ ನಂಬಿಕೆಗೆ ಆಧಾರವಿಲ್ಲ. ಚಲಿಸುವಾಗ ಕವಲುಗಳು ನೆಲದಿಂದ 15-20 ಸೆಂ.ಮೀ. ಎತ್ತರದಲ್ಲಿದ್ದು, ಮಾಸ್ಟ್ ಹಿಂದಕ್ಕೆ ವಾಲಿರತಕ್ಕದ್ದು. ಇಳಿಜಾರಿನಲ್ಲಿ ಸರಕು ಯಾವಾಗಲೂ ಏರಿನ ಕಡೆಗೆ ಇರಬೇಕು. ಆದುದರಿಂದ ಸರಕಿನೊಡನೆ ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕಾಗುತ್ತದೆ.

ಯಂತ್ರ ಮಗುಚತೊಡಗಿದಾಗ ಹೊರಗೆ ಜಿಗಿಯುವುದು ಸಹಜ ಪ್ರವೃತ್ತಿ. ಜಿಗಿದವನು ಯಂತ್ರದ ಮೇಲ್ಛಾವಣಿಯ ಕಂಬಿಯ ಅಡಿಯಲ್ಲಿಯೇ ಸಿಕ್ಕಿ ಸಾಯುವುದುಂಟು. ಸೀಟ್ ಬೆಲ್ಟ್ ಕಟ್ಟಿಕೊಂಡು, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಪಾದಗಳನ್ನು ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಕುಳಿತಿರುವುದೇ ಬದುಕುವ ದಾರಿ. ಈ ಒಂದು ಸಂಗತಿಯನ್ನು ಪ್ರತಿಯೊಬ್ಬ ಚಾಲಕನಿಗೂ ಬಾಯಿಪಾಠವಾಗುವಂತೆ ಹೇಳಿಕೊಡತಕ್ಕದ್ದು. ಬೆಲ್ಟ್ ಇಲ್ಲದ ಹಳೆಯ ಯಂತ್ರಗಳಿಗೆ ಬೆಲ್ಟ್ ಅಳವಡಿಸತಕ್ಕದ್ದು.

ಕೀಲಿ ಯಾರ ಬಳಿ ಇರಬೇಕು

ಊಟದ ವಿರಾಮದಲ್ಲಿ ಚಾಲಕನು ಕೀಲಿಯನ್ನು ಯಂತ್ರದಲ್ಲಿಯೇ ಬಿಟ್ಟು ಹೋಗುತ್ತಾನೆ. ಲಾರಿ ಬಂದು ನಿಂತಿರುತ್ತದೆ. ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿರುವ ಯಾರಾದರೊಬ್ಬರು ಒಂದು ಪ್ಯಾಲೆಟ್ ತಾನೇ ಎಂದು ಯಂತ್ರ ಏರುತ್ತಾರೆ. ಈ ಪ್ರದೇಶದಲ್ಲಿ ಟ್ರ್ಯಾಕ್ಟರ್ ಓಡಿಸಲು ಬಾರದ ಯುವಕರು ವಿರಳವಾದುದರಿಂದ ಈ ಅಪಾಯ ಇಲ್ಲಿ ಹೆಚ್ಚು. ಟ್ರ್ಯಾಕ್ಟರ್ ಮುಂದಿನ ಗಾಲಿಯಿಂದ ತಿರುಗುತ್ತದೆ, ಫೋರ್ಕ್‌ಲಿಫ್ಟ್ ಹಿಂದಿನ ಗಾಲಿಯಿಂದ. ತಿರುವಿನಲ್ಲಿ ಅದರ ಹಿಂಭಾಗ ಪಕ್ಕಕ್ಕೆ ಬೀಸಿ ಬರುತ್ತದೆ. ಗೋಡೆಯ ಪಕ್ಕದಲ್ಲಿ ನಿಂತವನಿಗೆ ಸರಿಯಲು ಜಾಗವಿರುವುದಿಲ್ಲ. ಟ್ರ್ಯಾಕ್ಟರಿನ ಅನುಭವ ಇಲ್ಲಿ ನೆರವಾಗುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು. ಸಾರಿಗೆ ಇಲಾಖೆಯ ಲಘು ವಾಹನ ಚಾಲನಾ ಪರವಾನಗಿ ಇದ್ದ ಮಾತ್ರಕ್ಕೂ ಈ ಯಂತ್ರ ನಡೆಸಲು ಬರುತ್ತದೆ ಎಂದಾಗುವುದಿಲ್ಲ.

ಆದುದರಿಂದ ಮಾಲೀಕರು ಅಥವಾ ವ್ಯವಸ್ಥಾಪಕರು, 18 ವರ್ಷ ತುಂಬಿದ, ದೃಷ್ಟಿ ಮತ್ತು ಶ್ರವಣ ಪರೀಕ್ಷೆ ಆದ, ಈ ಯಂತ್ರದಲ್ಲಿಯೇ ತರಬೇತಿ ಪಡೆದ ವ್ಯಕ್ತಿಗಳಿಗೆ ಲಿಖಿತ ಅಧಿಕಾರ ಪತ್ರ ನೀಡತಕ್ಕದ್ದು. ಪತ್ರದಲ್ಲಿ ಯಂತ್ರದ ಮಾದರಿಯನ್ನು ನಮೂದಿಸುವುದು ಅಗತ್ಯ. ಡೀಸೆಲ್ ಯಂತ್ರದಲ್ಲಿ ಕಲಿತವನಿಗೆ ನಿಂತುಕೊಂಡು ನಡೆಸುವ ರೀಚ್ ಟ್ರಕ್ ತಾನಾಗಿ ಬರುವುದಿಲ್ಲ. ಕೀಲಿಗಳನ್ನು ಪಾಳಿಯ ಮೇಲ್ವಿಚಾರಕರ ಬಳಿ ಇರಿಸಿ, ಸಹಿ ಪಡೆದು ಕೊಡುವುದು, ಸಹಿ ಪಡೆದು ಹಿಂಪಡೆಯುವುದು ಸರಳವಾದ ಉಪಾಯ. ಇದಕ್ಕೆ ಬೇಕಾಗುವುದು ಎರಡು ರೂಲ್ ಎಳೆದ ಒಂದು ಪುಸ್ತಕ ಮಾತ್ರ. ಯಂತ್ರದಿಂದ ಇಳಿಯುವಾಗ ಕವಲುಗಳನ್ನು ನೆಲಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀಲಿ ತೆಗೆಯುವುದು ಕಡ್ಡಾಯವಾಗಿರಲಿ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1998ರಲ್ಲಿ ಹೊರಡಿಸಿದ ನಿಯಮದಂತೆ ಪ್ರತಿ ಚಾಲಕನಿಗೂ ತರಗತಿಯ ಪಾಠ, ಯಂತ್ರದ ಮೇಲಿನ ಅಭ್ಯಾಸ ಮತ್ತು ಕೆಲಸದ ಸ್ಥಳದಲ್ಲಿನ ಮೌಲ್ಯಮಾಪನ ಕಡ್ಡಾಯ; ಮೂರು ವರ್ಷಕ್ಕೊಮ್ಮೆ ಮರು ಮೌಲ್ಯಮಾಪನ ಆಗಬೇಕು; ಅಪಘಾತ ಅಥವಾ ಸ್ವಲ್ಪದರಲ್ಲಿ ತಪ್ಪಿದ ಅಪಘಾತ ನಡೆದರೆ ಮರು ತರಬೇತಿ ಆಗಬೇಕು. ಇಲ್ಲಿನ ಘಟಕಗಳೂ ಇದೇ ಅವಧಿಯನ್ನು ಅನುಸರಿಸಲು ಅಡ್ಡಿಯಿಲ್ಲ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಬರೆದಿಡುವ ಅಭ್ಯಾಸ ಮಾತ್ರ ಬೇಗ ಬರುವುದಿಲ್ಲ. ಬರೆದವನಿಗೆ ನೋಟೀಸು ಕೊಡುವ ಕಡೆ ಯಾರೂ ಬರೆಯುವುದಿಲ್ಲ ಎಂಬುದನ್ನು ಆಡಳಿತವು ಅರಿತಿರಬೇಕು.

ಪ್ರತಿ ಯಂತ್ರಕ್ಕೂ ಒಂದು ಖಾತೆ

ಒಂದಕ್ಕಿಂತ ಹೆಚ್ಚು ಯಂತ್ರಗಳಿರುವಲ್ಲಿ ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಬರೆದು, ಪ್ರತ್ಯೇಕ ಪುಟ ತೆರೆಯುವುದು ಒಳ್ಳೆಯದು. ಖರೀದಿಯ ವರ್ಷ, ಸಾಮರ್ಥ್ಯ, ಗಂಟೆಮಾಪಕದ ಓದು, ಬದಲಿಸಿದ ಭಾಗಗಳು, ಪರೀಕ್ಷೆಯ ದಿನಾಂಕಗಳು ಅದರಲ್ಲಿರಲಿ. ಕಿಲೋಮೀಟರ್ ಲೆಕ್ಕ ಈ ಯಂತ್ರಕ್ಕೆ ಉಪಯೋಗವಿಲ್ಲ. ಎಂಜಿನ್ ಓಡಿದ ಗಂಟೆಗಳೇ ಸರ್ವಿಸಿಗೆ ಆಧಾರ. ಲೆಕ್ಕಪತ್ರದಲ್ಲಿ ಯಂತ್ರದ ಸವಕಳಿಯನ್ನು ಪ್ರತಿ ಮಾರ್ಚಿಯಲ್ಲಿ ತಪ್ಪದೆ ಬರೆಯಲಾಗುತ್ತದೆ. ಕವಲಿನ ಸವಕಳಿಯನ್ನು ಅಳೆಯುವವರು ಕಡಿಮೆ. ಕವಲಿನ ಹಿಮ್ಮಡಿಯ ದಪ್ಪವು ಮೂಲ ದಪ್ಪಕ್ಕಿಂತ ಶೇ. 10ರಷ್ಟು ಸವೆದಿದ್ದರೆ ಅದರ ಸಾಮರ್ಥ್ಯ ಸುಮಾರು ಶೇ. 20ರಷ್ಟು ಕುಸಿದಿರುತ್ತದೆ, ಅಂತಹ ಕವಲನ್ನು ಬಳಕೆಯಿಂದ ತೆಗೆಯತಕ್ಕದ್ದು. ಬೆಸುಗೆ ಹಾಕಿ ದಪ್ಪ ಮಾಡಿಸುವುದು ಪರಿಹಾರವಲ್ಲ. ಎತ್ತುವ ಸರಪಳಿಯು ಮೂಲ ಉದ್ದಕ್ಕಿಂತ ಶೇ. 3ರಷ್ಟು ಹಿಗ್ಗಿದ್ದರೆ ಬದಲಿಸಬೇಕು.

ದಿನದ ಮೊದಲ ಬಳಕೆಗೆ ಮುನ್ನ ಬ್ರೇಕ್, ಸ್ಟೀರಿಂಗ್, ಹಾರನ್, ಟೈರುಗಳು, ಹೈಡ್ರಾಲಿಕ್ ಪೈಪಿನ ಸೋರಿಕೆ, ಸರಪಳಿ ಮತ್ತು ಕವಲುಗಳನ್ನು ಚಾಲಕನು ಪರಿಶೀಲಿಸಿ ಸಹಿ ಮಾಡತಕ್ಕದ್ದು. ಇಡೀ ತಿಂಗಳ ಪರಿಶೀಲನಾ ಪಟ್ಟಿಯನ್ನು ಒಂದೇ ಕೂತಲ್ಲಿ, ಒಂದೇ ಪೆನ್ನಿನಲ್ಲಿ ತುಂಬಿರುವುದು ಕಡತ ನೋಡುವವರಿಗೆ ಸುಲಭವಾಗಿ ತಿಳಿಯುತ್ತದೆ. ಯಾವ ದೋಷವನ್ನೂ ಎಂದೂ ತೋರಿಸದ ಪಟ್ಟಿಗಿಂತ, ಮಂಗಳವಾರ ಬ್ರೇಕ್ ಸಡಿಲ ಎಂದು ಬರೆದು ಬುಧವಾರ ದುರಸ್ತಿಯಾಯಿತು ಎಂದು ಬರೆದ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ದೋಷವಿರುವ ಯಂತ್ರಕ್ಕೆ ಫಲಕ ತೂಗುಹಾಕಿ, ಕೀಲಿಯನ್ನು ಬೀರುವಿನಲ್ಲಿ ಇಡತಕ್ಕದ್ದು.

ವಾರ್ಷಿಕ ಪರೀಕ್ಷೆಯ ಬಗ್ಗೆ ಅರ್ಜಿದಾರರು ಪದೇ ಪದೇ ಒಂದು ಸಂದೇಹ ಎತ್ತುವುದುಂಟು. 1948ರ ಅಧಿನಿಯಮದ 29ನೇ ಕಲಮಿನಂತೆ ಎತ್ತುವ ಯಂತ್ರಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ ಪೂರ್ಣವಾಗಿ ಪರೀಕ್ಷಿಸಬೇಕಾಗಿತ್ತು. ಆದರೆ ಅಲ್ಲಿನ ವ್ಯಾಖ್ಯೆಯಲ್ಲಿ ಕ್ರೇನ್, ವಿಂಚ್ ಮೊದಲಾದವುಗಳ ಹೆಸರಿದ್ದು ಫೋರ್ಕ್‌ಲಿಫ್ಟ್ ಎಂಬ ಪದ ಇರಲಿಲ್ಲ. ಪದವಿಲ್ಲ ಎಂಬ ಕಾರಣಕ್ಕೆ ಪರೀಕ್ಷೆ ಬೇಡವೆನ್ನುವುದು ವಿವೇಕವಲ್ಲ. ಸರಪಳಿ, ಕವಲು, ಹೈಡ್ರಾಲಿಕ್ ಸಿಲಿಂಡರುಗಳಿಂದ ಭಾರ ಎತ್ತುವ ಯಂತ್ರವನ್ನು ವರ್ಷಕ್ಕೊಮ್ಮೆ ಸಕ್ಷಮ ವ್ಯಕ್ತಿಯಿಂದ ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವುದು ಉತ್ತಮ ಘಟಕಗಳಲ್ಲಿ ರೂಢಿಯಲ್ಲಿದೆ. ಬ್ರಿಟನ್ನಿನ 1998ರ ನಿಯಮಗಳಲ್ಲಿಯೂ ಅವಧಿ 12 ತಿಂಗಳು. ಮನುಷ್ಯರನ್ನು ಎತ್ತುವ ಸಾಧನವಾದಲ್ಲಿ 6 ತಿಂಗಳು. ಬಲ್ಬ್ ಬದಲಿಸಲು ಕಾರ್ಮಿಕನನ್ನು ಪ್ಯಾಲೆಟ್ ಮೇಲೆ ನಿಲ್ಲಿಸಿ ಎತ್ತುವುದು ಯಾವ ನಿಯಮದಲ್ಲಿಯೂ ಒಪ್ಪಿತವಲ್ಲ.

ಹಂಗಾಮಿನ ಕೆಲಸದ ಘಟಕಗಳು ಇನ್ನೊಂದು ವಿಷಯ ಗಮನಿಸಬೇಕು. ತಿಂಗಳುಗಟ್ಟಲೆ ನಿಂತ ಯಂತ್ರದಲ್ಲಿ ಟೈರು ಒಂದು ಕಡೆ ಚಪ್ಪಟೆಯಾಗಿ, ಸೀಲುಗಳು ಒಣಗಿ, ಬ್ಯಾಟರಿ ಸತ್ತಿರುತ್ತದೆ. ಕಬ್ಬು ಅರೆಯುವಿಕೆ ಆರಂಭವಾದ ದಿನವೇ ಅದನ್ನು ಹೊರಗೆ ತೆಗೆಯುವ ಬದಲು ಹದಿನೈದು ದಿನ ಮೊದಲೇ ಪರೀಕ್ಷೆ ಮುಗಿಸಿರಬೇಕು. ಕಾರ್ಖಾನೆಯ ನಿರ್ವಹಣೆ ಬೇರೆಯವರಿಗೆ ವಹಿಸಲ್ಪಟ್ಟಾಗಲೂ ಇದೇ ಪ್ರಶ್ನೆ ಏಳುತ್ತದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು 2020ರಲ್ಲಿ 40 ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಗೆ ಗುತ್ತಿಗೆಯಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಇಂತಹ ಸಂದರ್ಭಗಳಲ್ಲಿ ಅಧಿಭೋಗದಾರರ ಬದಲಾವಣೆಗೆ ಇಲಾಖೆಯಲ್ಲಿ ಅರ್ಜಿ ಸಲ್ಲಿಸುವುದರ ಜೊತೆಗೆ ಪ್ರತಿ ಯಂತ್ರದ ಖಾತೆ ಮತ್ತು ಪರೀಕ್ಷಾ ಪ್ರಮಾಣಪತ್ರಗಳನ್ನು ಪಟ್ಟಿ ಮಾಡಿ ಹೊಸಬರಿಗೆ ಹಸ್ತಾಂತರಿಸುವುದು ಅವಶ್ಯ. ದಾಖಲೆ ಸಿಗದ ಯಂತ್ರವನ್ನು ಪರೀಕ್ಷೆಯಾಗದ ಯಂತ್ರವೆಂದೇ ಎಣಿಸಬೇಕು.

ಬಾಡಿಗೆ ಯಂತ್ರ, ಬಾಡಿಗೆ ಚಾಲಕ

ಒತ್ತಡದ ತಿಂಗಳುಗಳಲ್ಲಿ ಚಾಲಕನ ಸಮೇತ ಯಂತ್ರವನ್ನು ಬಾಡಿಗೆಗೆ ತರುವುದು ಸಾಮಾನ್ಯವಾಗಿದೆ. ಯಂತ್ರ ಬೇರೆಯವರದು, ಚಾಲಕ ಬೇರೆಯವರವನು, ಆದುದರಿಂದ ಹೊಣೆಯೂ ಬೇರೆಯವರದು ಎಂಬ ವಾದವನ್ನು ಮೇಲೆ ಹೇಳಿದ 6ನೇ ಕಲಮು ಒಪ್ಪುವುದಿಲ್ಲ. ಬಾಡಿಗೆ ಯಂತ್ರ ಗೇಟು ದಾಟುವ ಮೊದಲು ಅದರ ಪರೀಕ್ಷಾ ಪ್ರಮಾಣಪತ್ರ, ಚಾಲಕನ ತರಬೇತಿ ದಾಖಲೆ ಮತ್ತು ಇ.ಎಸ್.ಐ. ಅಥವಾ ವಿಮೆಯ ವಿವರಗಳ ಪ್ರತಿಯನ್ನು ಪಡೆದಿಟ್ಟುಕೊಳ್ಳತಕ್ಕದ್ದು. ಚಾಲಕನಿಗೆ ಆವರಣದ ದಾರಿ, ಇಳಿಜಾರು ಮತ್ತು ನಿಷೇಧಿತ ಸ್ಥಳಗಳನ್ನು ತೋರಿಸಿದ ನಂತರವೇ ಕೆಲಸ ಆರಂಭಿಸಬೇಕು. ಅವನ ಕೆಲಸದ ಗಂಟೆಗಳನ್ನೂ ಗಮನಿಸಬೇಕಾಗುತ್ತದೆ. ಹಗಲು ಪಾಳಿ ಮುಗಿಸಿದವನೇ ಲಾರಿ ತಡವಾಯಿತೆಂದು ರಾತ್ರಿ ಪಾಳಿಯಲ್ಲಿಯೂ ಕುಳಿತರೆ, ನಿದ್ದೆಗಣ್ಣಿನ ತಪ್ಪಿಗೆ ಬೆಲೆ ತೆರುವವನು ಬಹುತೇಕ ಕೆಳಗೆ ನಿಂತ ಹಮಾಲನಾಗಿರುತ್ತಾನೆ.

ರಸ್ತೆಯ ಎರಡು ಬದಿಗೆ ಗೋದಾಮುಗಳಿರುವವರು ಇನ್ನೊಂದು ಅಂಶ ತಿಳಿದಿರಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ 2(28)ನೇ ಕಲಮಿನಂತೆ ಕಾರ್ಖಾನೆ ಅಥವಾ ಆವೃತ ಆವರಣದೊಳಗೆ ಮಾತ್ರ ಬಳಸಲು ರೂಪಿಸಿದ ವಿಶೇಷ ವಾಹನವು ಮೋಟಾರು ವಾಹನ ಎನಿಸುವುದಿಲ್ಲ. ಆದರೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಫೋರ್ಕ್‌ಲಿಫ್ಟನ್ನು ನಿರ್ಮಾಣ ಸಲಕರಣೆ ವಾಹನಗಳ ಪಟ್ಟಿಯಲ್ಲಿ ಹೆಸರಿಸಿವೆ. ಸಾರ್ವಜನಿಕ ರಸ್ತೆ ದಾಟಿಸುವ ಉದ್ದೇಶವಿದ್ದಲ್ಲಿ ನೋಂದಣಿ, ವಿಮೆ ಮತ್ತು ಚಾಲನಾ ಪರವಾನಗಿಯ ಬಗ್ಗೆ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ಮುಂಚಿತವಾಗಿ ಇತ್ಯರ್ಥ ಮಾಡಿಕೊಳ್ಳತಕ್ಕದ್ದು. ಹತ್ತು ಹೆಜ್ಜೆಯ ರಸ್ತೆಯೇ ಆದರೂ ಅದು ರಸ್ತೆಯೇ.

ದಾರಿ ಮತ್ತು ನಕ್ಷೆ

ಕಟ್ಟಡ ನಕ್ಷೆಯ ಅನುಮೋದನೆಗೆ ಅರ್ಜಿ ಸಲ್ಲಿಸುವ ಹಂತದಲ್ಲಿಯೇ ಯಂತ್ರದ ದಾರಿಯನ್ನೂ ಕಾಲ್ನಡಿಗೆಯ ದಾರಿಯನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಅತ್ಯಂತ ಅಗ್ಗದ ಸುರಕ್ಷತಾ ಕ್ರಮ. ಕಟ್ಟಡ ಎದ್ದ ಮೇಲೆ ಹಳದಿ ಬಣ್ಣದ ಗೆರೆ ಎಳೆಯಬಹುದೇ ಹೊರತು ಗೋಡೆ ಸರಿಸಲಾಗದು. ಯಂತ್ರವು ಗಂಟೆಗೆ 10 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 2.8 ಮೀಟರ್ ಸಾಗುತ್ತದೆ. ಚಾಲಕನು ಎದುರಿನವನನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಗೋದಾಮಿನ ಬಾಗಿಲು ನೇರವಾಗಿ ಯಂತ್ರದ ದಾರಿಗೆ ತೆರೆಯುವಂತಿದ್ದರೆ ಅಲ್ಲಿ ಕಂಬಿಯ ತಡೆ ಮತ್ತು ಕನ್ನಡಿ ಬೇಕು. ಬಿಸಿಲಿನಿಂದ ಕತ್ತಲೆಯ ಗೋದಾಮಿಗೆ ಪ್ರವೇಶಿಸುವ ಚಾಲಕನಿಗೆ ಕೆಲವು ಕ್ಷಣ ಏನೂ ಕಾಣುವುದಿಲ್ಲವಾದ್ದರಿಂದ ಬಾಗಿಲ ಬಳಿಯೇ ಹೆಚ್ಚು ಬೆಳಕು ಇರಲಿ. ಶೌಚಾಲಯ, ಕುಡಿಯುವ ನೀರು ಮತ್ತು ಹಾಜರಿ ಯಂತ್ರಗಳನ್ನು ಯಂತ್ರದ ದಾರಿಯ ಆಚೆ ಬದಿಗೆ ಇಡುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ದಿನಕ್ಕೆ ಹತ್ತು ಬಾರಿ ಎಲ್ಲರೂ ಆ ದಾರಿಯನ್ನು ದಾಟಲೇಬೇಕಾಗುತ್ತದೆ. ಲಾರಿಗೆ ತುಂಬುವಾಗ ಗಾಲಿಗೆ ಅಡ್ಡ ಕೊಟ್ಟು, ಲಾರಿಯ ಕೀಲಿಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು.

ಇಂಧನಕ್ಕೆ ಸಂಬಂಧಿಸಿದಂತೆ ಎರಡು ಮಾತು. ಮುಚ್ಚಿದ ಗೋದಾಮಿನಲ್ಲಿ ಡೀಸೆಲ್ ಯಂತ್ರ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಸೇರಿದ ಹೊಗೆ ತುಂಬುತ್ತದೆ. ವಿದ್ಯುತ್ ಯಂತ್ರದ ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮುಟ್ಟಿದರೆ ಕಿಡಿಯೊಂದೇ ಸಾಕು. ಚಾರ್ಜಿಂಗ್ ಸ್ಥಳವು ಗಾಳಿಯಾಡುವಂತಿದ್ದು, ಕಣ್ಣು ತೊಳೆಯುವ ನೀರಿನ ವ್ಯವಸ್ಥೆ ಹೊಂದಿರತಕ್ಕದ್ದು. ಎಥನಾಲ್ ಘಟಕ ಮತ್ತು ಸಕ್ಕರೆ ಪುಡಿಯ ಧೂಳು ಹಾರುವ ಪ್ಯಾಕಿಂಗ್ ಕೋಣೆಗಳಿಗೆ ಸಾಮಾನ್ಯ ಯಂತ್ರ ಸಲ್ಲದು, ಕಿಡಿ ಹೊರಬೀಳದಂತೆ ರೂಪಿಸಿದ ಯಂತ್ರವೇ ಬೇಕು. ಸಕ್ಕರೆ ಧೂಳು ಸ್ಫೋಟಿಸಬಲ್ಲದೇ ಎಂದು ಕೇಳುವವರು, ದಿನಾಂಕ 7-2-2008ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನ ಸಕ್ಕರೆ ಕಾರ್ಖಾನೆಯಲ್ಲಿ ಧೂಳಿನ ಸ್ಫೋಟದಿಂದ 14 ಕಾರ್ಮಿಕರು ಮೃತಪಟ್ಟುದನ್ನು ಗಮನಿಸಬಹುದು. ಅಲ್ಲಿ ಫೋರ್ಕ್‌ಲಿಫ್ಟ್ ಕಾರಣವಾಗಿರಲಿಲ್ಲ. ಧೂಳು ತುಂಬಿದ ಕೋಣೆಗೆ ಕಿಡಿ ಎಲ್ಲಿಂದ ಬಂದರೂ ಪರಿಣಾಮ ಒಂದೇ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಚಾಲಕರು ಮತ್ತು ಕಾರ್ಮಿಕರ ಹಕ್ಕು

ಸುರಕ್ಷತಾ ವ್ಯವಸ್ಥೆ ಸಾಲದು ಎನಿಸಿದಾಗ ಮಾಲೀಕರಿಗೆ ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಮೂಲಕ ತಿಳಿಸುವ, ತೃಪ್ತಿಕರ ಕ್ರಮ ಆಗದಿದ್ದಲ್ಲಿ ಇಲಾಖೆಯ ನಿರೀಕ್ಷಕರ ಗಮನಕ್ಕೆ ತರುವ ಹಕ್ಕನ್ನು ಸಂಹಿತೆಯ 14ನೇ ಕಲಮು ಕಾರ್ಮಿಕರಿಗೆ ನೀಡಿದೆ. ಜೀವಕ್ಕೆ ತಕ್ಷಣದ ಅಪಾಯವಿದೆ ಎಂದು ಯುಕ್ತವಾಗಿ ಭಾವಿಸಿದಲ್ಲಿ ಅದನ್ನು ತಿಳಿಸಬಹುದು; ಮಾಲೀಕರು ಕೂಡಲೇ ಪರಿಹಾರ ಕ್ರಮ ಕೈಗೊಳ್ಳತಕ್ಕದ್ದು. ಬ್ರೇಕ್ ಹಿಡಿಯದ ಯಂತ್ರವನ್ನು ಇವತ್ತೊಂದು ದಿನ ಓಡಿಸು ಎಂದು ಹೇಳುವ ಮೇಲ್ವಿಚಾರಕರು ಇದನ್ನು ನೆನಪಿಡಬೇಕು. ಅದೇ ಸಮಯದಲ್ಲಿ ತನ್ನ ಮತ್ತು ಇತರರ ಸುರಕ್ಷತೆಯ ಬಗ್ಗೆ ಎಚ್ಚರ ವಹಿಸುವುದು, ಅಸುರಕ್ಷಿತ ಸ್ಥಿತಿಯನ್ನು ವರದಿ ಮಾಡುವುದು 13ನೇ ಕಲಮಿನಂತೆ ಚಾಲಕನ ಕರ್ತವ್ಯವೂ ಹೌದು.

ಅಪಘಾತ ಸಂಭವಿಸಿದಾಗ

ಮೊದಲು ಗಾಯಾಳುವಿನ ಚಿಕಿತ್ಸೆ. ಯಂತ್ರದ ಅಡಿ ಸಿಕ್ಕಿಕೊಂಡವರನ್ನು ಹೊರತೆಗೆಯಲು ಇನ್ನೊಂದು ಫೋರ್ಕ್‌ಲಿಫ್ಟಿನಿಂದ ಅವಸರದಲ್ಲಿ ಎತ್ತುವ ಪ್ರಯತ್ನವು ಎರಡನೆಯ ಅಪಘಾತಕ್ಕೆ ದಾರಿಯಾಗಬಹುದು. ಮೊದಲು ಯಂತ್ರಕ್ಕೆ ಆಸರೆ ಕೊಟ್ಟು, ಎಂಜಿನ್ ನಿಲ್ಲಿಸಿ, ನಂತರ ಎತ್ತಬೇಕು. ಸಾವು ಸಂಭವಿಸಿದಲ್ಲಿ, ಅಥವಾ ಗಾಯದ ಕಾರಣ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದಲ್ಲಿ ಇಲಾಖೆಗೆ ನೋಟೀಸು ನೀಡುವುದು ಕಡ್ಡಾಯ. ಯಂತ್ರವನ್ನು ಆ ಸ್ಥಳದಿಂದ ಸರಿಸಿ ನೆಲ ತೊಳೆದ ನಂತರ ನೀಡುವ ನೋಟೀಸು ಯಾರಿಗೂ, ವಿಶೇಷವಾಗಿ ಮಾಲೀಕರಿಗೆ, ಸಹಾಯವಾಗುವುದಿಲ್ಲ.

ಕರ್ತವ್ಯಲೋಪದಿಂದ ಸಾವು ಸಂಭವಿಸಿದುದು ಸಾಬೀತಾದಲ್ಲಿ 103ನೇ ಕಲಮಿನಂತೆ ಎರಡು ವರ್ಷದವರೆಗೆ ಕಾರಾಗೃಹವಾಸ, ಅಥವಾ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದು. ತೀವ್ರ ಗಾಯವಾದಲ್ಲಿ ಒಂದು ವರ್ಷದವರೆಗೆ ಕಾರಾಗೃಹವಾಸ ಅಥವಾ 2 ಲಕ್ಷದಿಂದ 4 ಲಕ್ಷ ರೂಪಾಯಿಗಳ ಜುಲ್ಮಾನೆ, ಅಥವಾ ಎರಡೂ. ಜುಲ್ಮಾನೆಯ ಕನಿಷ್ಠ ಅರ್ಧ ಭಾಗವನ್ನು ಗಾಯಾಳುವಿಗೆ ಅಥವಾ ಮೃತನ ವಾರಸುದಾರರಿಗೆ ಪರಿಹಾರವಾಗಿ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿರುತ್ತದೆ. ಇದು ಪ್ರತ್ಯೇಕ. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕನ ಕುಟುಂಬಕ್ಕೆ ಅವಲಂಬಿತರ ಸೌಲಭ್ಯ ದೊರೆಯುತ್ತದೆ; ಆ ವ್ಯಾಪ್ತಿಗೆ ಒಳಪಡದವರಿಗೆ ಸಾಮಾಜಿಕ ಭದ್ರತಾ ಸಂಹಿತೆ, 2020ರ ಅನ್ವಯ ಮಾಲೀಕರೇ ಪರಿಹಾರ ನೀಡತಕ್ಕದ್ದು. ಮರಣದ ಪ್ರಕರಣದಲ್ಲಿ ಮಾಸಿಕ ವೇತನದ ಶೇ. 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಯಲ್ಲಿ ಶೇ. 60ನ್ನು ವಯಸ್ಸಿಗೆ ಅನುಗುಣವಾದ ಅಂಶದಿಂದ ಗುಣಿಸಿ ಇದನ್ನು ಲೆಕ್ಕ ಹಾಕಲಾಗುತ್ತದೆ. ಗುತ್ತಿಗೆದಾರರ ಹಮಾಲರಿಗೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಿರುವಾಗ ಈ ಲೆಕ್ಕ ಆರಂಭಿಸುವುದೂ ಕಷ್ಟ. ಕುಟುಂಬದವರು ಕಛೇರಿಯಿಂದ ಕಛೇರಿಗೆ ಅಲೆಯುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ. ಆದುದರಿಂದ ಸರಕು ಇಳಿಸಲು ಅರ್ಧ ದಿನಕ್ಕೆ ಬಂದವರ ಹೆಸರು, ಊರು ಮತ್ತು ಕೂಲಿಯನ್ನೂ ಗೇಟಿನಲ್ಲಿ ಬರೆದಿಡತಕ್ಕದ್ದು.

ಅರ್ಜಿದಾರರ ಗಮನಕ್ಕೆ

ನಕ್ಷೆ ಅನುಮೋದನೆ, ನೋಂದಣಿ ಮತ್ತು ಪರವಾನಗಿಗೆ ಸಂಬಂಧಿಸಿದ ಅರ್ಜಿಗಳನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದು. ಫೋರ್ಕ್‌ಲಿಫ್ಟ್ ಬಳಸುವ ಘಟಕಗಳು ನಕ್ಷೆಯಲ್ಲಿ ಯಂತ್ರದ ದಾರಿ, ಚಾರ್ಜಿಂಗ್ ಅಥವಾ ಇಂಧನ ತುಂಬುವ ಸ್ಥಳ, ಲಾರಿ ನಿಲ್ಲುವ ಕಟ್ಟೆ ಮತ್ತು ಕಾಲ್ನಡಿಗೆಯ ದಾರಿಗಳನ್ನು ಗುರುತಿಸಿದಲ್ಲಿ ಮರು ವಿಚಾರಣೆಯ ಪತ್ರವ್ಯವಹಾರ ತಪ್ಪುತ್ತದೆ. ಯಂತ್ರಗಳ ಪಟ್ಟಿಯಲ್ಲಿ ಬಾಡಿಗೆ ಯಂತ್ರಗಳನ್ನೂ ಸೇರಿಸುವುದು. ಸಕಾಲ ಯೋಜನೆಯಡಿ ಅಧಿಸೂಚಿತವಾದ ಸೇವೆಗಳಿಗೆ ಸ್ವೀಕೃತಿಯ ಜೊತೆ ಸಕಾಲ ಸಂಖ್ಯೆ ನೀಡಲಾಗುತ್ತದೆ. ನಿಗದಿತ ದಿನಗಳೊಳಗೆ ಸೇವೆ ದೊರೆಯದಿದ್ದಲ್ಲಿ ಆ ಸಂಖ್ಯೆಯನ್ನು ಉಲ್ಲೇಖಿಸಿ ಮೇಲ್ಮನವಿ ಸಲ್ಲಿಸಬಹುದು. ಅಪಘಾತದ ನೋಟೀಸು ಮತ್ತು ಸುರಕ್ಷತೆಗೆ ಸಂಬಂಧಿಸಿದ ದೂರುಗಳಿಗೆ ಸಕಾಲ ಸಂಖ್ಯೆಗಾಗಿ ಕಾಯಬೇಕಾಗಿಲ್ಲ. ಅವುಗಳನ್ನು ತಮ್ಮ ವ್ಯಾಪ್ತಿಯ ಕಾರ್ಖಾನೆಗಳ ನಿರೀಕ್ಷಕರ ಕಛೇರಿಗೆ ನೇರವಾಗಿ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಕೊಟ್ಟರೂ ಸಾಕು.